ಗೋಣಿಯ ಬಾಯಿ ಬಿಚ್ಚಿಡುವ ಕೆಲಸ: ಕಚೇರಿಯಲ್ಲಿ ಅಂತರ್ಮುಖಿಗಳು ಕಾಣಿಸಿಕೊಳ್ಳುವ ಬಗೆ

2019ರ ಡಿಸೆಂಬರ್ 16ರಿಂದ ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ಹಣ ಕಳಿಸುವ ನೆಫ್ಟ್ ವರ್ಗಾವಣೆ ವಾರದ ಏಳೂ ದಿನ, ದಿನದ 24 ಗಂಟೆಯೂ ನಡೆಯುವಂತಾಯಿತು. ಅದಕ್ಕೆ ಮೊದಲು ಕೆಲಸದ ದಿನಗಳಲ್ಲಿ ಬೆಳಗ್ಗೆ 8ರಿಂದ ಸಂಜೆ 7ರವರೆಗೆ ಮಾತ್ರ ನಡೆಯುತ್ತಿದ್ದ ಈ ವ್ಯವಸ್ಥೆ ಅಂದಿನಿಂದ ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಬ್ಯಾಚ್‌ಗಳಲ್ಲಿ ಓಡತೊಡಗಿತು. ಹಣ ಕಳಿಸುವವರಿಗೆ ಇದರಿಂದ ಬಹಳ ಅನುಕೂಲವಾಯಿತು. ಆದರೆ ರಾತ್ರಿ ಹೊತ್ತು ವ್ಯವಹಾರ ನಿಂತಿರುತ್ತದೆ, ಆಗ ನಿಧಾನವಾಗಿ ಲೆಕ್ಕ ತಾಳೆ ನೋಡಿಕೊಳ್ಳಬಹುದು ಎಂಬ ನಂಬಿಕೆಯ ಮೇಲೆ ಬರೆದಿದ್ದ ಪ್ರೋಗ್ರಾಮುಗಳನ್ನೆಲ್ಲ ಮತ್ತೆ ಬುಡದಿಂದ ಯೋಚಿಸಬೇಕಾಯಿತು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದುಕೊಂಡು ಒಂದು ಬ್ಯಾಂಕಿಗಾಗಿ ಆ ಕೆಲಸ ಮಾಡಿದವರಲ್ಲಿ ನಾನೂ ಒಬ್ಬಳು. ನಾವು ಹೊಸದಾಗಿ ಬರೆದ ತಾಳೆ ನೋಡುವ ಪ್ರೋಗ್ರಾಮು ಹನ್ನೊಂದು ತಿಂಗಳು ಒಂದೇ ಒಂದು ರಾತ್ರಿಯೂ ಯಾರನ್ನೂ ನಿದ್ದೆಯಿಂದ ಎಬ್ಬಿಸಲಿಲ್ಲ.

ವರ್ಷದ ಕೆಲಸವನ್ನು ಅಳೆಯುವ 2021ರ ಅಪ್ರೈಸಲ್‌ನಲ್ಲಿ ನನಗೆ ಸಾಧಾರಣ ರೇಟಿಂಗ್ ಬಂತು. ಕಾರಣ ಕೇಳಿದಾಗ ನನ್ನ ಮ್ಯಾನೇಜರ್, ಅವರೂ ಕನ್ನಡದವರೇ, ಬೇಸರದಿಂದಲೇ ಹೇಳಿದರು: "ನಿಮ್ಮ ಕೆಲಸ ನನಗೆ ಗೊತ್ತು ಮೇಡಂ. ಆದರೆ ಮೀಟಿಂಗಿನಲ್ಲಿದ್ದ ಬೇರೆ ಯಾರಿಗೂ ನಿಮ್ಮ ಹೆಸರೇ ಗೊತ್ತಿರಲಿಲ್ಲ. ನಾನೊಬ್ಬನೇ ಎಷ್ಟು ಹೇಳಲಿ?" ಅದೇ ವರ್ಷ ಪಕ್ಕದ ತಂಡದ ಒಂದು ಪ್ರೋಗ್ರಾಮು ತಿಂಗಳ ಕೊನೆಯ ದಿನ ಕೆಟ್ಟು ನಿಂತು, ಅದನ್ನು ಇಡೀ ರಾತ್ರಿ ಎಚ್ಚರವಿದ್ದು ಸರಿಪಡಿಸಿದವರಿಗೆ ಮೇಲಿನವರಿಂದ ಮೆಚ್ಚುಗೆಯ ಇಮೇಲ್ ಬಂದಿತ್ತು. ಅವರು ಅದಕ್ಕೆ ಅರ್ಹರೇ ಆಗಿದ್ದರು. ಆದರೆ ಕೆಡುವ ಕೆಲಸ ತಾನಾಗಿ ಎಲ್ಲರ ಕಣ್ಣಿಗೆ ಬೀಳುತ್ತದೆ, ಕೆಡದೆ ನಡೆಯುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದನ್ನು ನಾನು ಆ ದಿನ ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡೆ.

ರೇಟಿಂಗ್ ಹೇಗೆ ತೀರ್ಮಾನವಾಗುತ್ತದೆ ಎಂಬುದು ಬಹಳ ಜನ ಉದ್ಯೋಗಿಗಳಿಗೆ ಸರಿಯಾಗಿ ತಿಳಿದಿರುವುದಿಲ್ಲ. ನನಗೂ ಒಂಬತ್ತು ವರ್ಷ ತಿಳಿದಿರಲಿಲ್ಲ. ದೊಡ್ಡ ಕಂಪನಿಗಳಲ್ಲಿ ಅದನ್ನು ಸಾಮಾನ್ಯವಾಗಿ ನಮ್ಮ ಮ್ಯಾನೇಜರ್ ಒಬ್ಬರೇ ನಿರ್ಧರಿಸುವುದಿಲ್ಲ. ಒಂದು ವಿಭಾಗದ ಮ್ಯಾನೇಜರುಗಳೆಲ್ಲ ಒಟ್ಟಿಗೆ ಕುಳಿತು, ಹೆಸರುಗಳ ಪಟ್ಟಿ ಮುಂದಿಟ್ಟುಕೊಂಡು, ಯಾರು ಯಾವ ಸಾಲಿನಲ್ಲಿ ಇರಬೇಕೆಂದು ಚರ್ಚಿಸುತ್ತಾರೆ. ಅಮೆರಿಕದ ಜಿಇ ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ಉದ್ಯೋಗಿಗಳನ್ನು ಮೇಲಿನವರು 20, ಮಧ್ಯದವರು 70, ಕೆಳಗಿನವರು 10 ಎಂದು ಶೇಕಡಾವಾರು ಮೂರು ಗುಂಪು ಮಾಡುವ ಕ್ರಮವನ್ನು ಪ್ರಸಿದ್ಧಿಗೆ ತಂದಿದ್ದರು. ಅಂಥದೇ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು, ಅನಂತರ ಇನ್ನೂ ಹಲವು ಕಂಪನಿಗಳು ಬಿಟ್ಟವು. ಆದರೆ ಎಲ್ಲರೂ ಕೂಡಿ ಪಟ್ಟಿ ನೋಡುವ ಆ ಮೀಟಿಂಗ್ ಮಾತ್ರ ಬಹಳ ಕಡೆ ಉಳಿದುಕೊಂಡಿದೆ. ಅಲ್ಲಿ ಒಂದು ಹೆಸರಿಗೆ ಸಿಗುವುದು ಎರಡೋ ಮೂರೋ ನಿಮಿಷ. ಆ ಹೆಸರು ಬಂದಾಗ ಬೇರೆ ಇಬ್ಬರು "ಹೌದು, ನನಗೂ ಗೊತ್ತು, ನಮ್ಮ ಟೀಮಿಗೂ ಸಹಾಯ ಮಾಡಿದ್ದಾರೆ" ಎಂದರೆ ಮಾತು ಮುಂದೆ ಹೋಗುತ್ತದೆ. ಎಲ್ಲರೂ ಸುಮ್ಮನೆ ಪಟ್ಟಿ ನೋಡಿದರೆ ಹೆಸರು ಮಧ್ಯದ ಸಾಲಿಗೆ ಜಾರುತ್ತದೆ. ನಮ್ಮ ಬಗ್ಗೆ ಮುಖ್ಯವಾದ ಮಾತು ನಡೆಯುವುದು ನಾವಿಲ್ಲದ ಜಾಗದಲ್ಲಿ, ಮತ್ತು ಅಲ್ಲಿ ನಮ್ಮ ಪರವಾಗಿ ಮಾತನಾಡಲು ಯಾರ ಕೈಯಲ್ಲಾದರೂ ಏನಾದರೂ ಇರಬೇಕು.

ಇದನ್ನು ತಿಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ ತಪ್ಪಾಗಿತ್ತು. ಇನ್ನು ಮುಂದೆ ಪ್ರತಿ ಮೀಟಿಂಗಿನಲ್ಲೂ ಮಾತನಾಡಿಯೇ ತೀರುತ್ತೇನೆಂದು ನಿಶ್ಚಯಿಸಿದೆ. ಮೂರು ತಿಂಗಳು ಹಾಗೆಯೇ ಮಾಡಿದೆ. ಬೇರೆಯವರು ಆಗಲೇ ಹೇಳಿದ್ದನ್ನು ಸ್ವಲ್ಪ ಬದಲಿಸಿ ಹೇಳುತ್ತಿದ್ದೆ, ಉತ್ತರ ಗೊತ್ತಿದ್ದ ಪ್ರಶ್ನೆ ಕೇಳುತ್ತಿದ್ದೆ, ಸಂಜೆಯ ಹೊತ್ತಿಗೆ ತಲೆಯೊಳಗೆ ಸಂತೆ ನಡೆದಂತಾಗಿ ನಿಜವಾದ ಕೆಲಸಕ್ಕೆ ಶಕ್ತಿಯೇ ಉಳಿಯುತ್ತಿರಲಿಲ್ಲ. ಒಂದು ದಿನ ತಂಡದ ಹೊಸ ಹುಡುಗಿಯೊಬ್ಬಳು ಒಂದು ಒಳ್ಳೆಯ ವಿಚಾರವನ್ನು ಅರ್ಧ ಹೇಳಿದ್ದಾಗ ನಾನು ನಡುವೆ ಬಾಯಿ ಹಾಕಿದೆ. ಅವಳು ಉಳಿದರ್ಧವನ್ನು ಹೇಳಲೇ ಇಲ್ಲ. ಆ ದಿನವೇ ಆ ಪ್ರಯತ್ನವನ್ನು ನಿಲ್ಲಿಸಿದೆ. ಯಾವುದರಿಂದ ನನಗೆ ನೋವಾಗಿತ್ತೋ ಅದನ್ನೇ ನಾನು ಇನ್ನೊಬ್ಬರಿಗೆ ಮಾಡಿದ್ದೆ.

ಅಂತರ್ಮುಖಿ, ಬಹಿರ್ಮುಖಿ ಎಂಬ ವಿಭಾಗವನ್ನು ಮನಶ್ಶಾಸ್ತ್ರದಲ್ಲಿ ಹರಡಿದವರು ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್. 1921ರಲ್ಲಿ ಅವರು ಇದನ್ನು ವಿಸ್ತಾರವಾಗಿ ಬರೆದರು. ಮನಸ್ಸಿನ ಶಕ್ತಿ ಸಹಜವಾಗಿ ಒಳಮುಖವಾಗಿ ಹರಿಯುತ್ತದೆಯೋ ಹೊರಮುಖವಾಗಿಯೋ ಎಂಬುದು ಅವರ ಪ್ರಶ್ನೆ. ಇದನ್ನು ಸಂಕೋಚದೊಂದಿಗೆ ಬೆರೆಸಬಾರದು. ಸಂಕೋಚವೆಂದರೆ ಇತರರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು. ಅದು ಬಹಿರ್ಮುಖಿಗಳಿಗೂ ಇರಬಹುದು. ನನಗೆ ಜನರ ಭಯವಿಲ್ಲ, ಜನರ ಮೇಲೆ ಪ್ರೀತಿಯೂ ಇದೆ. ಆದರೆ ಒಂದು ವಿಷಯವನ್ನು ಮನಸ್ಸಿನಲ್ಲಿ ನಾಲ್ಕು ಸಲ ತಿರುಗಿಸಿ ನೋಡದೆ ಹೊರಗೆ ಹಾಕಲು ಆಗುವುದಿಲ್ಲ. ಎಂಟು ಜನ ಒಟ್ಟಿಗೆ ಮಾತನಾಡುವ ಜಾಗದಲ್ಲಿ ನನ್ನ ಮಾತು ಸಿದ್ಧವಾಗುವ ಹೊತ್ತಿಗೆ ಚರ್ಚೆ ಮುಂದಿನ ವಿಷಯಕ್ಕೆ ಹೋಗಿರುತ್ತದೆ.

ನನ್ನಂಥ ಅನೇಕರಲ್ಲಿ ಇದರ ಮೇಲೆ ಇನ್ನೂ ಎರಡು ಪದರಗಳಿವೆ. ಒಂದು ಇಂಗ್ಲಿಷ್. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷಿನಲ್ಲಿ ಬರೆಯುವುದು ಈಗ ಸಲೀಸು, ಆದರೆ ವೇಗವಾಗಿ ವಾದಿಸುವುದು ಇವತ್ತಿಗೂ ಸಲೀಸಲ್ಲ. ಬೆಂಗಳೂರಿನ ಮೀಟಿಂಗುಗಳಲ್ಲಿ ಸುಮ್ಮನೆ ಕುಳಿತವರಲ್ಲಿ ಎಷ್ಟು ಜನ ಸ್ವಭಾವದಿಂದ ಸುಮ್ಮನಿದ್ದಾರೆ, ಎಷ್ಟು ಜನ ಮನಸ್ಸಿನೊಳಗೆ ವಾಕ್ಯ ಕಟ್ಟುತ್ತಾ ಸುಮ್ಮನಿದ್ದಾರೆ ಎಂದು ಹೊರಗಿನಿಂದ ಹೇಳಲಾಗದು. ಅದೇ ಜನ ಊಟದ ಮೇಜಿನಲ್ಲಿ ಕನ್ನಡದಲ್ಲಿ ಎಷ್ಟು ಚುರುಕಾಗಿ ವಾದ ಮಾಡುತ್ತಾರೆಂದು ನಾನು ನೋಡಿದ್ದೇನೆ. ಇನ್ನೊಂದು ನಾವು ಬೆಳೆದ ಮಾತು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಕೇಳುತ್ತಲೇ ದೊಡ್ಡವರಾದೆವು. ಹೊಗಳಿಕೆ ಬಯಸದೆ ದುಡಿಯುವವರನ್ನು ನಮ್ಮ ಭಾಷೆ ಎಲೆಮರೆಯ ಕಾಯಿ ಎಂದು ಕರೆದು ಗೌರವಿಸುತ್ತದೆ. ಈ ಗೌರವ ನನಗೆ ಬೇಡವಾದದ್ದಲ್ಲ; ತನ್ನನ್ನು ತಾನು ಹೊಗಳಿಕೊಳ್ಳುವವರ ಎದುರು ನನಗೆ ಇವತ್ತಿಗೂ ಮುಜುಗರವಾಗುತ್ತದೆ. ನನ್ನ ತಪ್ಪು ಇದ್ದದ್ದು ಬೇರೆ ಕಡೆ, ಅದು ತಿಳಿದದ್ದು ಊರಿನಲ್ಲಿ.

ಆ ವರ್ಷದ ಕೊನೆಗೆ ಅಪ್ಪನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಎರಡು ವಾರ ರಜೆ ಹಾಕಿ ಊರಿಗೆ ಹೋಗಿದ್ದೆ. ಐದನೆಯ ದಿನ ನಮ್ಮ ಪ್ರೋಗ್ರಾಮು ನಿಂತಿತು. ಬ್ಯಾಂಕಿನವರು ಒಂದು ಫೈಲಿನ ವಿನ್ಯಾಸವನ್ನು ಬದಲಿಸಿದ್ದರು. ಸರಿಪಡಿಸಲು ಅರ್ಧ ಗಂಟೆಯ ಕೆಲಸವಿತ್ತು. ಆದರೆ ಅದು ಎಲ್ಲಿದೆ, ಏಕೆ ಹಾಗೆ ಬರೆದಿದೆ ಎಂಬುದು ನನ್ನ ತಲೆಯೊಳಗೆ ಮಾತ್ರ ಇದ್ದುದರಿಂದ ಮೂರು ಜನ ಸಹೋದ್ಯೋಗಿಗಳು ಎರಡು ರಾತ್ರಿ ನಿದ್ದೆಗೆಟ್ಟರು. ನಮ್ಮ ಹಳ್ಳಿಯಲ್ಲಿ ಆಗ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ. ಜಗಲಿಯ ಮೂಲೆಯಲ್ಲಿ ನಿಂತು ಫೋನಿನಲ್ಲಿ ಒಂದೊಂದೇ ಸಾಲು ಹೇಳುತ್ತಿದ್ದೆ. ಅಷ್ಟು ಕಾಲ ನಾನು ಕಾಣಿಸಿಕೊಳ್ಳದಿರುವುದನ್ನು ನನ್ನೊಬ್ಬಳ ನಷ್ಟವೆಂದು, ಅದನ್ನು ಸಹಿಸುವುದು ನನ್ನ ಸ್ವಂತ ವಿಷಯವೆಂದು ತಿಳಿದಿದ್ದೆ. ಅದರ ಬೆಲೆಯನ್ನು ಆ ಎರಡು ರಾತ್ರಿ ತೆತ್ತವರು ಬೇರೆಯವರು.

ಅದೇ ವಾರ ಕೊಬ್ಬರಿ ಮಾರುವುದಿತ್ತು. ತಿಪಟೂರಿನ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವ ಬಗೆ ತಿಳಿಯದವರಿಗಾಗಿ ಹೇಳುತ್ತೇನೆ: ಬಲಿತ ತೆಂಗಿನಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ಹರಡಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಒಳಗೆ ಗಡಗಡ ಎನ್ನುತ್ತದೆ, ಆಗ ಹದವಾಯಿತೆಂದು ಅರ್ಥ. ನನ್ನ ಅಪ್ಪ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಆದರೆ ಮಂಡಿಯಲ್ಲಿ ಅವರು ಮೊದಲು ಮಾಡುವ ಕೆಲಸವೆಂದರೆ ಗೋಣಿಯ ಬಾಯಿ ಬಿಚ್ಚಿ, ಕೊಬ್ಬರಿಯನ್ನು ಸುರಿದು, ನಾಲ್ಕು ಉಂಡೆಗಳನ್ನು ಒಡೆದು ಒಳಗಿನ ಬಿಳುಪು ಕಾಣುವಂತೆ ಮೇಲೆ ಇಡುವುದು. ಆ ಸಲ ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ನನ್ನನ್ನೂ ತಮ್ಮನನ್ನೂ ಕಳಿಸಿದರು. ಹೊರಡುವಾಗ ಚೀಲಗಳನ್ನು ಹಾಗೇ ಇಟ್ಟು ಬಂದುಬಿಡುತ್ತೇವೆಂದು ತಮ್ಮ ಹೇಳಿದ್ದಕ್ಕೆ ಅಪ್ಪ, "ಬಾಯಿ ಕಟ್ಟಿದ ಚೀಲಕ್ಕೆ ಯಾರು ದರ ಹಾಕ್ತಾರೆ? ಬಿಚ್ಚಿ ಸುರೀರಿ. ನೋಡೋರು ನೋಡ್ಕೊತಾರೆ" ಎಂದರು. ಅಷ್ಟೇ ಅವರ ಮಾತು. ಕೊಬ್ಬರಿಯ ಗುಣವನ್ನು ಅವರು ಯಾವತ್ತೂ ಯಾರ ಎದುರಿಗೂ ಹೊಗಳಿದವರಲ್ಲ; ಆದರೆ ನೋಡಲು ಬಂದವರಿಗೆ ನೋಡಲು ಆಗದಂತೆ ಇಟ್ಟವರೂ ಅಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ಪ್ರತಿ ಶುಕ್ರವಾರ ಮಧ್ಯಾಹ್ನ ಊಟದ ನಂತರ ಇಪ್ಪತ್ತು ನಿಮಿಷ ಕುಳಿತು ಒಂದು ಟಿಪ್ಪಣಿ ಬರೆಯತೊಡಗಿದೆ. ಮ್ಯಾನೇಜರ್‌ಗೆ ಒಂದು ಪ್ರತಿ, ನಮ್ಮ ಕೆಲಸವನ್ನು ಬಳಸುವ ಎರಡು ತಂಡಗಳಿಗೆ ಒಂದೊಂದು ಪ್ರತಿ. ವಾರದಲ್ಲಿ ಮುಗಿದದ್ದೇನು, ಅದರಿಂದ ಯಾರಿಗೆ ಏನಾಯಿತು, ಎಲ್ಲಿ ತಡೆದು ನಿಂತಿದೆ ಎಂಬಷ್ಟನ್ನೇ ಬರೆಯುತ್ತೇನೆ. ಎರಡನೆಯದು ಕಷ್ಟ, ಮತ್ತು ಅದೇ ಮುಖ್ಯ. "ತಾಳೆ ನೋಡುವ ಪ್ರೋಗ್ರಾಮಿನ ಮೂರನೆಯ ಭಾಗವನ್ನು ಬದಲಿಸಿದೆ" ಎಂದು ಬರೆದರೆ ನನ್ನ ತಂಡದ ಹೊರಗೆ ಯಾರಿಗೂ ಏನೂ ತಿಳಿಯುವುದಿಲ್ಲ. "ತಿಂಗಳ ಕೊನೆಯಲ್ಲಿ ಬ್ಯಾಂಕಿನ ಸಿಬ್ಬಂದಿ ಒಂದೊಂದಾಗಿ ಕೈಯಲ್ಲಿ ಪರಿಶೀಲಿಸುತ್ತಿದ್ದ ವಾಪಸು ಬಂದ ಹಣದ ನಮೂದುಗಳು ಇನ್ನು ಮುಂದೆ ತಾವಾಗಿ ತಾಳೆಯಾಗುತ್ತವೆ" ಎಂದು ಬರೆದರೆ ಅದನ್ನು ಯಾರು ಬೇಕಾದರೂ ಇನ್ನೊಬ್ಬರಿಗೆ ಹೇಳಬಹುದು. ನನ್ನ ಜೊತೆ ಕೆಲಸ ಮಾಡಿದವರ ಹೆಸರನ್ನು ತಪ್ಪದೆ ಬರೆಯುತ್ತೇನೆ. ಇದರಿಂದ ನನ್ನ ಹೆಸರು ಬರೆಯುವಾಗ ಆಗುತ್ತಿದ್ದ ಮುಜುಗರವೂ ಹೋಯಿತು. ಮೊದಲ ಆರು ವಾರ ಯಾರೂ ಉತ್ತರಿಸಲಿಲ್ಲ. ಏಳನೆಯ ವಾರ, ನಾನು ಒಮ್ಮೆಯೂ ಭೇಟಿಯಾಗದ ಒಬ್ಬ ಹಿರಿಯರು ಟಿಪ್ಪಣಿಯ ಒಂದು ಸಾಲನ್ನು ಎತ್ತಿಕೊಂಡು ಪ್ರಶ್ನೆ ಕೇಳಿದರು. ವರ್ಷದ ಕೊನೆಗೆ ಸ್ವಂತ ಮೌಲ್ಯಮಾಪನ ಬರೆಯುವ ಹೊತ್ತಿಗೆ ಸುಮಾರು ನಲವತ್ತೈದು ಟಿಪ್ಪಣಿಗಳು ಕೈಯಲ್ಲಿದ್ದವು. ಹಿಂದೆಲ್ಲ ಆ ಪುಟದ ಎದುರು ಕುಳಿತು ಜೂನ್ ತಿಂಗಳಲ್ಲಿ ಏನು ಮಾಡಿದ್ದೆನೆಂದು ನೆನಪಿಸಿಕೊಳ್ಳಲಾಗದೆ ಒದ್ದಾಡುತ್ತಿದ್ದೆ.

ಮೀಟಿಂಗಿನ ವಿಷಯದಲ್ಲಿ ನಾನು ಕಲಿತದ್ದು, ಅಲ್ಲಿ ನಡೆಯಬೇಕಾದ ಯೋಚನೆಯ ಬಹುಭಾಗವನ್ನು ಅದಕ್ಕೆ ಮೊದಲೇ ಮುಗಿಸಿಕೊಳ್ಳುವುದು. ವಿಷಯವೇನೆಂದು ಹಿಂದಿನ ದಿನವೇ ಕೇಳಿ ತಿಳಿದುಕೊಳ್ಳುತ್ತೇನೆ, ನನ್ನ ಅಭಿಪ್ರಾಯವನ್ನು ಅರ್ಧ ಪುಟದಲ್ಲಿ ಬರೆದು ಮೀಟಿಂಗ್ ನಡೆಸುವವರಿಗೆ ಕಳಿಸುತ್ತೇನೆ, ಮತ್ತು "ಇದರ ಬಗ್ಗೆ ನನಗೆ ಎರಡು ನಿಮಿಷ ಕೊಡಿ" ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಆಗ ಮಾತಿನ ನಡುವೆ ಸಂದಿ ಹುಡುಕಿಕೊಂಡು ನುಗ್ಗುವ ಕಷ್ಟವಿಲ್ಲ, ಕರೆದಾಗ ಹೇಳಿದರಾಯಿತು. ಸಾಧ್ಯವಾದಷ್ಟೂ ಮೊದಲ ಹತ್ತು ನಿಮಿಷದೊಳಗೆ ಮಾತನಾಡುತ್ತೇನೆ, ಏಕೆಂದರೆ ಹೊತ್ತು ಕಳೆದಷ್ಟೂ ಬಾಯಿ ಬಿಡುವುದು ಭಾರವಾಗುತ್ತದೆ. ಯಾರಾದರೂ ನಡುವೆ ತಡೆದರೆ "ಅವರು ಮುಗಿಸಲಿ" ಎಂದು ಹೇಳುವ ಒಪ್ಪಂದವನ್ನು ಒಬ್ಬ ಸಹೋದ್ಯೋಗಿಯ ಜೊತೆ ಮಾಡಿಕೊಂಡಿದ್ದೇನೆ. ನಾನು ಅವರಿಗೆ, ಅವರು ನನಗೆ. ನನಗಾಗಿ ಹೇಳಲು ಬಾರದ ಮಾತು ಇನ್ನೊಬ್ಬರಿಗಾಗಿ ಹೇಳುವಾಗ ಸುಲಭವಾಗಿ ಬರುತ್ತದೆ.

ಬರೆದು ಯೋಚಿಸುವುದು ದುರ್ಬಲರ ದಾರಿಯೆಂದು ಯಾರಾದರೂ ಹೇಳಿದರೆ ನನಗೆ ಕೋಪ ಬರುತ್ತದೆ. ಅಮೆಜಾನ್ ಕಂಪನಿಯಲ್ಲಿ 2004ರಲ್ಲಿ ಜೆಫ್ ಬೆಜೋಸ್ ಹಿರಿಯ ಅಧಿಕಾರಿಗಳ ಮೀಟಿಂಗುಗಳಿಂದ ಪವರ್‌ಪಾಯಿಂಟ್ ತೆಗೆದುಹಾಕಿ, ಅದರ ಬದಲು ಪೂರ್ಣ ವಾಕ್ಯಗಳಲ್ಲಿ ಬರೆದ ಟಿಪ್ಪಣಿಯನ್ನು ತರಿಸಿದರು. ಆರು ಪುಟದವರೆಗಿನ ಆ ಬರಹವನ್ನು ಎಲ್ಲರೂ ಮೀಟಿಂಗಿನ ಆರಂಭದಲ್ಲಿ ಮೌನವಾಗಿ ಓದಿ, ಆಮೇಲೆ ಚರ್ಚೆ ಶುರು ಮಾಡುತ್ತಾರೆ. ಇನ್ನೂ ಹಳೆಯ ಸಾಕ್ಷಿಯೂ ಇದೆ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಯೋಗದಲ್ಲಿ, ನಾಲ್ಕು ಜನ ಒಟ್ಟಿಗೆ ಕುಳಿತು ಹೊಸ ವಿಚಾರಗಳನ್ನು ಹೇಳಿದ್ದಕ್ಕಿಂತ, ಅಷ್ಟೇ ಜನ ಒಬ್ಬೊಬ್ಬರೇ ಕುಳಿತು ಯೋಚಿಸಿ ಆಮೇಲೆ ಕೂಡಿಸಿದಾಗ ಹೆಚ್ಚು ವಿಚಾರಗಳು ದೊರೆತವು. ಗುಂಪಿನಲ್ಲಿ ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕು. ಕಾಯುತ್ತಿರುವಾಗ ತಮ್ಮ ವಿಚಾರ ಮರೆಯುತ್ತದೆ ಅಥವಾ ಹೇಳುವ ಮನಸ್ಸು ಹೋಗುತ್ತದೆ ಎಂಬ ಕಾರಣವನ್ನು 1987ರ ಸಂಶೋಧನೆಯೊಂದು ಗಟ್ಟಿಯಾಗಿ ತೋರಿಸಿತು. ಮೊದಲು ಐದು ನಿಮಿಷ ಎಲ್ಲರೂ ಬರೆಯೋಣ, ಆಮೇಲೆ ಮಾತನಾಡೋಣ ಎಂದು ನಮ್ಮ ತಂಡದಲ್ಲಿ ನಾನು ಸೂಚಿಸಿದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ಇಬ್ಬರು ಬಹಳ ಮಾತಿನ ಸ್ನೇಹಿತರೇ. ಬೇರೆಯವರ ಮನಸ್ಸಿನಲ್ಲೇನಿದೆ ಎಂದು ತಿಳಿಯದೆ ಅವರಿಗೂ ಕಸಿವಿಸಿಯಾಗುತ್ತಿತ್ತಂತೆ.

ಬರಹವೊಂದರಿಂದಲೇ ಎಲ್ಲವೂ ಆಗುತ್ತದೆಂದು ನಾನು ಹೇಳುವುದಿಲ್ಲ. ಮುಖ ನೋಡದವರ ಮೇಲೆ ವಿಶ್ವಾಸ ನಿಧಾನವಾಗಿ ಬೆಳೆಯುತ್ತದೆ. ಅದಕ್ಕಾಗಿ ತಿಂಗಳಿಗೆ ಒಬ್ಬರಂತೆ, ಬೇರೆ ತಂಡದವರೊಬ್ಬರನ್ನು ಅರ್ಧ ಗಂಟೆ ಚಹಾಕ್ಕೆ ಕರೆಯುತ್ತೇನೆ. ಇಬ್ಬರೇ ಇರುವಾಗ ನನಗೆ ಮಾತು ಬರುತ್ತದೆ. ಅವರ ಕೆಲಸದಲ್ಲಿ ತೊಡಕೇನಿದೆ ಎಂದು ಕೇಳುತ್ತೇನೆ, ಮತ್ತು ಆಲಿಸುವುದು ನನಗೆ ಕಷ್ಟವಲ್ಲ. ವರ್ಷಕ್ಕೆ ಹನ್ನೆರಡು ಜನ. ದೊಡ್ಡ ಮೀಟಿಂಗಿನಲ್ಲಿ ಹನ್ನೆರಡು ಸಲ ಮಾತನಾಡಿದ್ದಕ್ಕಿಂತ ಇದರಿಂದ ಹೆಚ್ಚು ಪರಿಚಯವಾಗಿದೆ. ಮೂರು ತಿಂಗಳಿಗೊಮ್ಮೆ ಕ್ಲೈಂಟ್ ಎದುರು ಡೆಮೊ ಮಾಡುವುದನ್ನು ಒಪ್ಪಿಕೊಳ್ಳುತ್ತೇನೆ, ಆದರೆ ಹೇಳಬೇಕಾದದ್ದನ್ನು ಪೂರ್ತಿ ಬರೆದು ಮನೆಯಲ್ಲಿ ಮೂರು ಸಲ ಗಟ್ಟಿಯಾಗಿ ಓದಿಕೊಂಡೇ ಹೋಗುತ್ತೇನೆ. ಡೆಮೊ ಮುಗಿದ ಮೇಲಿನ ಒಂದು ಗಂಟೆಯನ್ನು ಕ್ಯಾಲೆಂಡರಿನಲ್ಲಿ ಖಾಲಿ ಬಿಟ್ಟಿರುತ್ತೇನೆ. ಅಂದು ಒಬ್ಬಳೇ ಊಟ ಮಾಡುತ್ತೇನೆ. ಇದನ್ನು ಅಹಂಕಾರವೆಂದು ತಿಳಿದವರಿಗೆ ನಿಜವಾದ ಕಾರಣವನ್ನು ವಿವರಿಸಿದ್ದೇನೆ, ಅವರು ಅರ್ಥ ಮಾಡಿಕೊಂಡಿದ್ದಾರೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದಾಗ ನನ್ನಂಥವರಿಗೆ ಒಂದು ಬಾಗಿಲು ತೆರೆದಿತ್ತು. ಚಾಟ್‌ನಲ್ಲಿ ಒಂದು ಸಾಲು ಬರೆದರೆ ಅದು ಯಾರ ಮಾತನ್ನೂ ತಡೆಯದೆ ಎಲ್ಲರಿಗೂ ಕಾಣುತ್ತಿತ್ತು; ಕೈ ಎತ್ತುವ ಗುರುತು ಒತ್ತಿದರೆ ಸರದಿ ಬರುತ್ತಿತ್ತು. ದಿನವಿಡೀ ಕ್ಯಾಮೆರಾ ತೆರೆದಿಡಬೇಕೆಂಬ ಒತ್ತಾಯ ಮಾತ್ರ ಬಹಳ ದಣಿಸಿತು. ಈಗ ವಾರಕ್ಕೆ ಮೂರು ದಿನ ಕಚೇರಿಗೆ ಹೋಗುತ್ತೇವೆ, ಆದರೆ ಆ ಚಾಟ್ ಮತ್ತು ಸರದಿಯ ಪದ್ಧತಿಯನ್ನು ನಮ್ಮ ತಂಡದಲ್ಲಿ ಬಿಟ್ಟಿಲ್ಲ.

ಮೌನವಾಗಿರುವವರೇ ಎಲ್ಲವನ್ನೂ ಬದಲಿಸಿಕೊಳ್ಳಬೇಕೆಂದು ಕೇಳುವುದು ನ್ಯಾಯವಲ್ಲ ಎಂಬುದನ್ನು ನಾನು ಈಗ ಇನ್ನೊಂದು ಬದಿಯಿಂದ ನೋಡುತ್ತಿದ್ದೇನೆ. ಎರಡು ವರ್ಷದಿಂದ ಏಳು ಜನರ ತಂಡದ ಹೊಣೆ ನನ್ನ ಮೇಲಿದೆ. ಒಪ್ಪಿಕೊಳ್ಳುವಾಗ ಅಂತರ್ಮುಖಿಯಾದವಳು ಜನರನ್ನು ನಡೆಸಬಲ್ಲಳೇ ಎಂಬ ಅನುಮಾನ ನನಗೇ ಇತ್ತು. ಅಮೆರಿಕದ ಪಿಜ್ಜಾ ಅಂಗಡಿಗಳ ಒಂದು ಸರಣಿಯಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಆಗ ನನಗೆ ಧೈರ್ಯ ಕೊಟ್ಟಿತು: ಹೇಳಿದಷ್ಟು ಮಾಡುವ ಸಿಬ್ಬಂದಿಯಿದ್ದ ಕಡೆ ಬಹಿರ್ಮುಖಿ ಮುಖ್ಯಸ್ಥರ ಅಂಗಡಿಗಳು ಹೆಚ್ಚು ಲಾಭ ಮಾಡಿದ್ದವು, ತಾವಾಗಿಯೇ ಮುಂದೆ ಬಂದು ಸಲಹೆ ಕೊಡುವ ಸಿಬ್ಬಂದಿಯಿದ್ದ ಕಡೆ ಫಲಿತಾಂಶ ಇದಕ್ಕೆ ತಿರುಗುಮುರುಗಾಗಿತ್ತು. ಸಲಹೆಯನ್ನು ಕೇಳಿಸಿಕೊಳ್ಳುವವರು ಮೇಲಿದ್ದರೆ ಸಲಹೆ ಬರುತ್ತದೆ ಎಂದು ನಾನು ಅದನ್ನು ಅರ್ಥ ಮಾಡಿಕೊಂಡೆ.

ಮ್ಯಾನೇಜರುಗಳಲ್ಲಿ ನನ್ನದು ಒಂದೇ ಬಿನ್ನಹ. ಸುಮ್ಮನಿದ್ದವರು ಒಪ್ಪಿದ್ದಾರೆಂದು ದಯವಿಟ್ಟು ಬರೆದುಕೊಳ್ಳಬೇಡಿ. ಎಲ್ಲರೆದುರು ಥಟ್ಟನೆ "ನಿಮ್ಮ ಅಭಿಪ್ರಾಯವೇನು" ಎಂದು ಕೇಳುವುದೂ ಉಪಕಾರವಲ್ಲ. ನಾಳೆ ಕೇಳುತ್ತೇನೆಂದು ಇವತ್ತು ಹೇಳಿ, ಆಗ ಸಿಗುವ ಉತ್ತರವೇ ಬೇರೆ. ಪಟ್ಟಿ ನೋಡುವ ಆ ಮೀಟಿಂಗಿಗೆ ಹೋಗುವ ಮೊದಲು ನಾನು ನನ್ನ ಏಳೂ ಜನರ ಬಗ್ಗೆ ತಲಾ ಮೂರು ಸಾಲು ಬರೆದುಕೊಂಡು, ಅದನ್ನು ಅವರಿಗೇ ತೋರಿಸಿ, ಬಿಟ್ಟುಹೋದದ್ದೇನಾದರೂ ಇದೆಯೇ ಎಂದು ಕೇಳುತ್ತೇನೆ. ಕಳೆದ ಸಲ ನಮ್ಮ ತಂಡದ ಒಬ್ಬ ಹುಡುಗ, ಕೊಪ್ಪಳದ ಕಡೆಯವನು, ಬಹಳ ಹೊತ್ತು ಯೋಚಿಸಿ, "ಅಕ್ಕಾ, ಇನ್ನೊಂದು ಐತಿ, ಆದ್ರ ಅದು ಸಣ್ಣದು" ಎಂದ. ಅವನು ಸಣ್ಣದೆಂದ ಕೆಲಸದಿಂದ ಮೂರು ತಂಡಗಳಿಗೆ ಪ್ರತಿದಿನ ಬೆಳಗಿನ ಒಂದು ಗಂಟೆ ಉಳಿಯುತ್ತಿತ್ತು. ಏಳು ತಿಂಗಳಿಂದ ಅದು ನನಗೂ ಗೊತ್ತಿರಲಿಲ್ಲ. ಮೀಟಿಂಗಿನಲ್ಲಿ ಅವನ ಹೆಸರು ಬಂದಾಗ ನಾನು ಮೊದಲು ಓದಿದ್ದು ಆ ಸಾಲನ್ನೇ, ಆ ಮೂರು ತಂಡಗಳ ಮ್ಯಾನೇಜರುಗಳು ಅಲ್ಲಿಯೇ ಕುಳಿತಿದ್ದರು. ಈ ತಿಂಗಳಿನಿಂದ ಅವನೂ ಶುಕ್ರವಾರದ ಟಿಪ್ಪಣಿ ಬರೆಯುತ್ತಿದ್ದಾನೆ. ಮೊದಲನೆಯದು ಎರಡೇ ಸಾಲಿತ್ತು, ನಿನ್ನೆ ಬಂದದ್ದು ಐದು ಸಾಲಿದೆ.